ಅತ್ತೆ ಹೇಳದ ‘ಹೌದು’

“ಹೌದು. ನನಗೆ ಒಪ್ಪಿಗೆ ಇದೆ.”

ಮೇಜಿನ ಮೇಲಿದ್ದ ಸ್ಪೀಕರಿನಿಂದ ನನ್ನ ಅತ್ತೆಯ ದನಿ ಬಂತು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಸಲಿ ಅತ್ತೆ ಬೆಚ್ಚಿಬಿದ್ದು ನನ್ನ ತೋಳು ಚಿವುಟಿದಳು.

“ಟೇಪೂ, ಇದು ನಾನೇನೋ?” ಟೇಪು ಅವಳು ನನಗಿಟ್ಟ ಅಡ್ಡಹೆಸರು.

“ನಿನ್ನ ಹಾಗೇ ಇದೆ ಅತ್ತೆ.”

“ನನ್ನ ಹಾಗೇ ಇದ್ರೆ ನಾನೇ ಆಗ್ಬೇಕಾ? ನಿನ್ನ ಮೂಗು ನಿಮ್ಮಪ್ಪನ ಹಾಗೇ ಇದೆ, ನೀನೇನು ನಿಮ್ಮಪ್ಪನಾ?”

ಮೇಜಿನ ಆ ಬದಿಯಲ್ಲಿದ್ದ ಸರ್ಕಾರಿ ವಿಚಾರಣಾಧಿಕಾರಿ ತಲೆ ಎತ್ತಿದರು. “ಅಮ್ಮಾ, ಸ್ವಲ್ಪ ಸುಮ್ನೆ ಇರ್ತೀರಾ?”

“ಸುಮ್ನೆ ಇರೋಕೆ ಇಷ್ಟು ದೂರ ಯಾಕೆ ಬರ್ಬೇಕಿತ್ತು ಮೇಡಂ? ಮನೇಲೇ ಇರ್ಬಹುದಿತ್ತಲ್ಲ?”

ಮೇಡಂ ಪೆನ್ಸಿಲ್ ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು. ಬೆಳಗಿನಿಂದ ಆ ಪೆನ್ಸಿಲ್ ಹೀಗೆ ಮೇಲೆ ಕೆಳಗೆ ಆಗುತ್ತಲೇ ಇತ್ತು.

ನಾವು ಈ ಕೋಣೆಗೆ ಬಂದು ಕೂತಿದ್ದಕ್ಕೆ ಕಾರಣ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಲಾಕರ್ ಕಂಪನಿಯಲ್ಲಿ ಅತ್ತೆ ಇಟ್ಟಿದ್ದ ಚಿನ್ನವೆಲ್ಲ ಮಾಯವಾಗಿತ್ತು, ಕಂಪನಿ ಮಾತ್ರ ‘ನೀವು ಕೋರ್ಟಿಗೆ ಹೋಗುವ ಹಾಗಿಲ್ಲ, ನೀವೇ ಬಾಯಾರೆ ಒಪ್ಪಿದ್ದೀರಿ’ ಎನ್ನುತ್ತಿತ್ತು.

ಒಪ್ಪಿದ್ದು ಏನನ್ನು? ಕಂಪನಿಯ ಜೊತೆ ತಕರಾರು ಬಂದರೆ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ, ಕಂಪನಿಯೇ ನೇಮಿಸಿದ ಮಧ್ಯಸ್ಥರು ಹೇಳಿದ್ದೇ ಕೊನೆಯ ಮಾತು ಎಂಬುದನ್ನು. ಆ ಮಧ್ಯಸ್ಥರು ಕೂರುವುದು ಕಂಪನಿಯ ಕಟ್ಟಡದಲ್ಲೇ, ಮೂರನೇ ಮಹಡಿಯಲ್ಲಿ. ಲಾಕರ್ ಇರುವುದು ನೆಲಮಹಡಿಯಲ್ಲಿ. ಕಳೆದುಕೊಂಡವರು ಲಿಫ್ಟ್ ಹತ್ತುತ್ತಾರೆ, ಒಳಗಿನಿಂದ ಬಾಗಿಲು ಮುಚ್ಚುತ್ತದೆ, ಇಳಿದು ಬರುವಾಗ ಕೈ ಖಾಲಿ, ಬಾಯಿ ಬಂದ್. ಅಲ್ಲಿ ನಡೆದದ್ದನ್ನು ಹೊರಗೆ ಹೇಳಬಾರದೆಂಬ ಷರತ್ತೂ ಆ ಒಪ್ಪಿಗೆಯಲ್ಲೇ ಸೇರಿತ್ತು. ಹಾಗಾಗಿ ಪ್ರತಿಯೊಬ್ಬರೂ ‘ನನಗೆ ಮಾತ್ರ ಹೀಗಾಯಿತು’ ಎಂದುಕೊಂಡು ಮನೆಗೆ ಹೋಗುತ್ತಿದ್ದರು.

ಇದನ್ನು ತಡೆಯಲೆಂದೇ ಸರ್ಕಾರ ಹೊಸ ನಿಯಮ ತಂದಿತ್ತು. ಇಂಥ ಷರತ್ತನ್ನು ಒಪ್ಪಂದದ ಸಣ್ಣ ಅಕ್ಷರಗಳ ನಡುವೆ ತುರುಕಿದರೆ ನಡೆಯುವುದಿಲ್ಲ. ಗ್ರಾಹಕರಿಗೆ ಬೇರೆಯಾಗಿ ಕೇಳಬೇಕು, ಅವರು ತಮ್ಮ ಬಾಯಿಂದಲೇ ಒಪ್ಪಬೇಕು, ಅದು ಧ್ವನಿಮುದ್ರಣವಾಗಿರಬೇಕು. ಹಳೆಯ ಗ್ರಾಹಕರಿಂದಲೂ ಹೀಗೆ ಒಪ್ಪಿಗೆ ಪಡೆಯಬೇಕು. ಇಲ್ಲದಿದ್ದರೆ ಷರತ್ತು ರದ್ದು.

ಅಂದರೆ ಆಟ ಇಷ್ಟೇ. ಸ್ಪೀಕರಿನಲ್ಲಿ ಬಂದ ಆ ‘ಹೌದು’ ಸುಳ್ಳೆಂದು ಮೇಡಂ ಬರೆದರೆ ಅತ್ತೆಗೆ ತೆರೆದ ಕೋರ್ಟು, ಲಾಕರ್ ಕೋಣೆಗೆ ಬೀಗಮುದ್ರೆ, ತನಿಖೆ. ನಿಜವೆಂದು ಬರೆದರೆ ಲಿಫ್ಟು, ಮೂರನೇ ಮಹಡಿ, ಮಂಗಳ.

ಮತ್ತು ಆ ಚಿನ್ನ ಬರಿ ಚಿನ್ನವಲ್ಲ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನೂ ಅಕ್ಕನನ್ನೂ ಅತ್ತೆ ಬೆಳೆಸಿದ್ದು ತನ್ನ ಹೊಲಿಗೆ ಅಂಗಡಿಯ ಅಟ್ಟದ ಮೇಲೆ. ಈಗ ಅಂಗಡಿಯ ಮಾಲೀಕ ಜಾಗ ಮಾರುತ್ತಿದ್ದಾನೆ. ಬಳೆ, ಸರ ಎಲ್ಲವನ್ನೂ ಕೊಟ್ಟು ಅದನ್ನು ತಾನೇ ಕೊಳ್ಳಬೇಕೆಂದು ಅತ್ತೆ ಲಾಕರ್ ತೆಗೆಸಿದಾಗ ಒಳಗಿದ್ದದ್ದು ಖಾಲಿ ಮಖಮಲ್ಲು ಚೀಲ. ಈ ತಿಂಗಳು ಕಳೆದರೆ ಅಂಗಡಿಯೂ ಇಲ್ಲ, ಅಟ್ಟವೂ ಇಲ್ಲ.

“ಮೇಡಂ, ನಾಲ್ಕು ಮುದ್ರಣ ಕೊಟ್ಟಿದೀವಿ,” ಎಂದರು ಕಂಪನಿಯ ವಕೀಲರು. “ಈಯಮ್ಮಂದು ಒಂದೇ ಅಲ್ಲ. ಇನ್ನೂ ಮೂರು ಜನ ಗ್ರಾಹಕರದ್ದು. ಎಲ್ಲರನ್ನೂ ಒಂದೇ ರೀತಿ ಕೇಳಿದೀವಿ, ಎಲ್ಲರೂ ಒಂದೇ ರೀತಿ ಒಪ್ಪಿದಾರೆ. ಇದಕ್ಕಿಂತ ಶಿಸ್ತು ಬೇಕಾ?”

ಈ ವಕೀಲರಿಗೆ ನಾನಿಟ್ಟ ಹೆಸರು ಇಸ್ತ್ರಿ. ಅವರ ಕೋಟಿನಲ್ಲಿ ಒಂದು ಸುಕ್ಕೂ ಇರಲಿಲ್ಲ, ಮುಖದಲ್ಲೂ ಇರಲಿಲ್ಲ. ಕೂರುವಾಗಲೂ ಕೋಟಿನ ಹಿಂಬದಿಯನ್ನು ಎತ್ತಿ, ಹಕ್ಕಿ ಮೊಟ್ಟೆಯ ಮೇಲೆ ಕೂತಂತೆ ಕೂರುತ್ತಿದ್ದರು.

“ಒಂದೇ ರೀತಿ,” ಎಂದೆ ನಾನು. “ಅದೇ ಮೇಡಂ ತೊಂದರೆ.”

ನನ್ನ ಎಂಟ್ರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಹಿನ್ನೆಲೆ ಸಂಗೀತ ಇರಲಿಲ್ಲ, ಫ್ಯಾನ್ ಮಾತ್ರ ಕಿರ್ರ್ ಎನ್ನುತ್ತಿತ್ತು. ಅದರಲ್ಲೇ ಅಡ್ಜಸ್ಟ್ ಮಾಡಿಕೊಂಡು ಎದ್ದು ನಿಂತೆ.

“ನೀವು ಇವರಿಗೆ ಏನಾಗ್ಬೇಕು?” ಮೇಡಂ ಕೇಳಿದರು.

“ಅಳಿಯ ಮೇಡಂ. ಅಣ್ಣನ ಮಗ. ಡಬ್ಬಿಂಗ್ ಮಾಡ್ತೀನಿ. ಸಿನಿಮಾದಲ್ಲಿ ಹೀರೋ ಹೊಡೆದ ತಕ್ಷಣ ‘ಅಮ್ಮಾ’ ಅಂತ ಬೀಳೋ ಮೂರನೇ ರೌಡಿ ಇರ್ತಾನಲ್ಲ? ಆ ‘ಅಮ್ಮಾ’ ನಂದು.”

“ಕುಲದೀಪಕ,” ಎಂದರು ಇಸ್ತ್ರಿ.

“ತೊಂದರೆ ಏನು ಅಂತ ತೋರಿಸೋಕೆ ಮುಂಚೆ ಒಂದು ಮಾತು ಮೇಡಂ,” ಎಂದೆ. “ ನಮ್ಮತ್ತೆ ಜನ್ಮದಲ್ಲಿ ಯಾವ ಪ್ರಶ್ನೆಗೂ ನೇರವಾಗಿ ಉತ್ತರ ಕೊಟ್ಟೋಳಲ್ಲ. ಮದುವೆ ದಿನ ‘ಹುಡುಗ ಒಪ್ಪಿಗೇನಾ’ ಅಂತ ಕೇಳಿದ್ದಕ್ಕೆ ‘ಇಷ್ಟು ಜನ ಊಟಕ್ಕೆ ಕೂತ್ಮೇಲೆ ಬೇಡ ಅನ್ನೋಕಾಗುತ್ತಾ’ ಅಂದಿದ್ಳಂತೆ. ಇಂಥೋಳು ಫೋನಲ್ಲಿ ‘ಹೌದು, ನನಗೆ ಒಪ್ಪಿಗೆ ಇದೆ’ ಅಂತಾಳಾ?”

ಮೇಡಂ ತುಟಿಯ ಒಂದು ಮೂಲೆ ಮೇಲೆ ಹೋಗಿ ವಾಪಸ್ ಬಂತು. “ಅದು ಸಾಕ್ಷಿ ಅಲ್ಲ.”

“ಅಲ್ಲ. ಸಾಕ್ಷಿ ಈಗ ಬರುತ್ತೆ. ನಿಮ್ಮ ಪೆನ್ಸಿಲ್ ಕೊಡ್ತೀರಾ?”

ಕೊಟ್ಟರು.

“ಮೊದಲನೇದು ಹಾಕಿ ಮೇಡಂ. ಪ್ರಶ್ನೆ ಮುಗಿದು ಉತ್ತರ ಬರೋದ್ರೊಳಗೆ ಒಂದು ಮೌನ ಇದೆ. ಅದನ್ನ ಕೇಳಿ.”

ಸ್ಪೀಕರಿನಲ್ಲಿ ಕಂಪನಿಯ ಹುಡುಗಿ ಷರತ್ತನ್ನು ಓದಿದಳು. ‘ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೇ?’

ನಾನು ಪೆನ್ಸಿಲ್ಲಿನಿಂದ ಮೇಜಿಗೆ ಬಡಿದೆ. ಟಕ್. ಟಕ್. ಟಕ್. ನಾಲ್ಕನೆಯದಕ್ಕೆ ಕೈ ಎತ್ತಿ ಗಾಳಿಯಲ್ಲೇ ನಿಲ್ಲಿಸಿದೆ. ಸರಿಯಾಗಿ ಅಲ್ಲಿಗೆ ಒಬ್ಬ ಮುದುಕಿಯ ನಡುಗುವ ದನಿ ಬಂತು. “ಹೌದು. ನನಗೆ ಒಪ್ಪಿಗೆ ಇದೆ.”

“ಎರಡನೇದು.”

ಟಕ್. ಟಕ್. ಟಕ್. ಈ ಸಲ ಹರೆಯದ ದನಿ, ಸ್ವಲ್ಪ ಶೀತ ಆದಂತೆ. “ಹೌದು. ನನಗೆ ಒಪ್ಪಿಗೆ ಇದೆ.”

ಮೂರನೆಯ ಮುದ್ರಣಕ್ಕೆ ಮೇಡಂ ಪೆನ್ಸಿಲ್ ಕಿತ್ತುಕೊಂಡು ತಾವೇ ಬಡಿದರು. ನಾಲ್ಕನೆಯ ಬಡಿತಕ್ಕೆ ಕೈ ತಡೆದರು. ಬಂತು.

ಅತ್ತೆಯ ಸರದಿ. ಟಕ್. ಟಕ್. ಟಕ್.

“ಹೌದು. ನನಗೆ ಒಪ್ಪಿಗೆ ಇದೆ.”

ಅತ್ತೆ ನನ್ನ ಶರ್ಟಿನ ಅಂಚು ಎಳೆದು ಪಿಸುಗುಟ್ಟಿದಳು. “ಏನೋ ಇದು, ಮಗ್ಗಿ ಹೇಳಿದ ಹಾಗೆ?”

“ಡಬ್ಬಿಂಗ್ ರೂಮಿನ ಪದ್ಧತಿ ಮೇಡಂ,” ಎಂದೆ. “ಹೆಡ್‌ಫೋನಲ್ಲಿ ಮೂರು ಬೀಪ್ ಬರುತ್ತೆ. ನಾಲ್ಕನೇದು ಬರಲ್ಲ. ಅದು ಬರಬೇಕಾದ ಜಾಗದಲ್ಲಿ ನಾವು ಡೈಲಾಗ್ ಶುರು ಮಾಡ್ಬೇಕು. ವರ್ಷಗಟ್ಟಲೆ ಮಾಡಿದ್ರೆ ಬೀಪ್ ಇಲ್ದೇನೂ ಅದೇ ಅಳತೆ ಬರುತ್ತೆ, ಬಿಡೋಕಾಗಲ್ಲ. ಬೇರೆ ಜನ ಹಂಗೆ ಮಾತಾಡಲ್ಲ. ‘ಹಲೋ, ಯಾರು, ಏನಂದ್ರಿ, ಕೇಳಿಸ್ತಿಲ್ಲ’ ಅಂತಾರೆ. ಹಿಂದೆ ಮಗು ಅಳುತ್ತೆ, ಬಸ್ಸು ಹಾರ್ನ್ ಹೊಡೆಯುತ್ತೆ. ಇಲ್ಲಿ ಒಂದು ನೊಣದ ಸದ್ದೂ ಇಲ್ಲ. ನಾಲ್ಕೂ ಜನ ಒಂದೇ ರೂಮಲ್ಲಿ ಮಾತಾಡಿದಾರೆ. ಅಲ್ಲ, ಒಬ್ಬರೇ ಮಾತಾಡಿದಾರೆ.”

“ಬೀಪ್ ನಮ್ಮ ಯಂತ್ರದ್ದೂ ಇರಬಹುದಲ್ಲ?” ಇಸ್ತ್ರಿಯ ದನಿ ಒಂದು ಎಳೆಯಷ್ಟು ಬಿಗಿಯಾಗಿತ್ತು.

“ಇದ್ರೆ ಮುದ್ರಣದಲ್ಲೂ ಕೇಳಿಸ್ಬೇಕಿತ್ತು,” ಎಂದರು ಮೇಡಂ. ನಾನು ಹೇಳಬೇಕೆಂದಿದ್ದನ್ನೇ ಅವರು ಹೇಳಿದ್ದರು. ಒಳಗೊಳಗೇ ಸೀಟಿ ಹೊಡೆದೆ.

ಸಿನಿಮಾದಲ್ಲಾದರೆ ಇಲ್ಲಿಗೆ ವಿಲನ್ ಬೆವರು ಒರೆಸಿಕೊಳ್ಳುತ್ತಾನೆ. ಇಸ್ತ್ರಿ ಒರೆಸಿಕೊಳ್ಳಲಿಲ್ಲ. ಮೆಲ್ಲಗೆ ಚಪ್ಪಾಳೆ ತಟ್ಟಿದರು.

“ಭೇಷ್ ತಮ್ಮಾ. ನನ್ನ ಕೆಲಸ ನೀನೇ ಮಾಡ್ಬಿಟ್ಟೆ.” ಜೇಬಿನಿಂದ ಫೋನ್ ತೆಗೆದರು. “ಮೇಡಂ, ಇದನ್ನೂ ಸ್ವಲ್ಪ ಕೇಳಿ. ಹೋದ ವಾರ ನಮ್ಮ ಆಫೀಸಿಗೆ ಬಂದ ಕರೆ.”

ಅದು ನನಗೆ ಗೊತ್ತಿದ್ದ ಕರೆ.

ಫೋನಿನಲ್ಲಿ ಕಂಪನಿ ಮ್ಯಾನೇಜರರ ಗೊಗ್ಗರು ದನಿ. “ರೀ, ಮೂರನೇ ಮಹಡಿ ಮಧ್ಯಸ್ಥರ ರೂಮಿನ ಬಾಡಿಗೆ ಯಾರ್ರೀ ಕಟ್ಟೋದು? ಅವರಾ, ನಾವಾ?” ಫೋನ್ ಎತ್ತಿದ ಹುಡುಗಿಯ ದನಿ. “ನಾವೇ ಅಲ್ವಾ ಸಾರ್, ಯಾವಾಗ್ಲೂ?”

“ಇದು ನಮ್ಮ ಮ್ಯಾನೇಜರ್ ಅಲ್ಲ,” ಎಂದರು ಇಸ್ತ್ರಿ. “ಆ ಹೊತ್ತಲ್ಲಿ ಅವರು ಹಲ್ಲಿನ ಡಾಕ್ಟರ ಕುರ್ಚಿ ಮೇಲೆ ಬಾಯಿ ತೆಗೆದು ಮಲಗಿದ್ರು. ಇದು ಈ ಹುಡುಗ.”

“ಒಂದ್ನಿಮಿಷ,” ಮೇಡಂ ಕೈ ಎತ್ತಿದರು. “ಮಧ್ಯಸ್ಥರ ಬಾಡಿಗೆ ನೀವು ಕಟ್ತೀರಾ?”

ಇಸ್ತ್ರಿ ಅರೆಕ್ಷಣ ತಡವರಿಸಿದರು. “ಅದು ಬೇರೆ ವಿಷಯ ಮೇಡಂ.”

“ನಂಗೆ ಅದೇ ವಿಷಯ. ಬರ್ಕೊಂಡೆ. ಮುಂದೆ?”

“ಮುಂದೆ ಇಷ್ಟೇ. ಡಬ್ಬಿಂಗ್ ಕಲಾವಿದರ ಕೈವಾಡ ಅಂತ ಇವರೇ ತೋರಿಸಿಕೊಟ್ರು. ನಾನೂ ಒಪ್ತೀನಿ. ನಾವು ಒಪ್ಪಿಗೆ ಕೇಳಿ ಕರೆ ಮಾಡಿದ್ದು ಇವರ ಮನೆ ನಂಬರಿಗೆ. ಅತ್ತೆ ದನಿಯಲ್ಲಿ ಎತ್ತಿ ಮಾತಾಡಿದ್ದು ಯಾರು? ಲಾಕರಿನ ಕೀ ಎಲ್ಲಿತ್ತು? ಅದೇ ಮನೇಲಿ. ಬೇರೆಯವರ ದನಿಯಲ್ಲಿ ಮಾತಾಡೋ ಚಟ ಯಾರಿಗಿದೆ?”

ಎಲ್ಲರೂ ನನ್ನನ್ನು ನೋಡಿದರು. ಗೋಡೆಯ ಮೇಲಿನ ಕ್ಯಾಲೆಂಡರ್ ಕೂಡ.

“ಮತ್ತೆ ಉಳಿದ ಮೂವರು?” ಮೇಡಂ ಕೇಳಿದರು. “ಅವರ ದನಿಯಲ್ಲೂ ಇವನೇ ಮಾತಾಡಿದ್ನಾ?”

“ಆ ಮೂವರಲ್ಲಿ ಯಾರಾದ್ರೂ ದೂರು ಕೊಟ್ಟಿದಾರಾ ಮೇಡಂ?”

ಎಲ್ಲಿಂದ ಕೊಡುತ್ತಾರೆ? ಬಾಯಿ ಬಿಡಬಾರದೆಂದು ಷರತ್ತು ಹಾಕಿದವರೇ ‘ಯಾರಾದರೂ ಬಾಯಿ ಬಿಟ್ಟರಾ’ ಎಂದು ಕೇಳುತ್ತಿದ್ದರು.

“ಮನೆಯವರೇ ಮೋಸ ಮಾಡಿದ್ರೆ ಅದು ನಿಮ್ಮ ನಿಯಮದ ಪ್ರಶ್ನೆ ಅಲ್ಲ ಮೇಡಂ,” ಇಸ್ತ್ರಿ ಕೋಟಿನ ತೋಳು ನೇವರಿಸಿಕೊಂಡರು. “ಪೊಲೀಸರ ಪ್ರಶ್ನೆ. ಈಯಮ್ಮ ದೂರು ಮುಂದುವರಿಸಿದ್ರೆ ನಾವೂ ದೂರು ಕೊಡ್ಬೇಕಾಗುತ್ತೆ. ದನಿ ಕದ್ದೋರ ಮೇಲೆ, ಚಿನ್ನ ಕದ್ದೋರ ಮೇಲೆ.”

ಒಬ್ಬ ಮನುಷ್ಯ ತನ್ನ ಬುದ್ಧಿವಂತಿಕೆಯಿಂದಲೇ ತನಗೆ ಗುಂಡಿ ತೋಡಿಕೊಳ್ಳುವುದನ್ನು ನಾನು ಎಷ್ಟೋ ಸಲ ಪರದೆಯ ಮೇಲೆ ನೋಡಿ ನಕ್ಕಿದ್ದೆ. ಒಳಗಿನಿಂದ ನೋಡಿದರೆ ಅದು ಅಷ್ಟೇನೂ ತಮಾಷೆಯಾಗಿ ಕಾಣುವುದಿಲ್ಲ.

ಮೇಡಂ ನನ್ನ ಕಡೆ ಹೆಡ್‌ಫೋನ್ ತಳ್ಳಿದರು.

“ಹಾಕ್ಕೋಪ್ಪ. ಸ್ಪೀಕರಲ್ಲಿ ಕೇಳಿಸದೆ ಇರೋದು ಇದರಲ್ಲಿ ಕೇಳಿಸ್ಬಹುದು. ನೀನಲ್ಲ ಅಂತಾದ್ರೆ ಯಾರು ಅಂತ ನಿಂಗೆ ಗೊತ್ತಾಗ್ಬೇಕು. ಕಸುಬು ಒಂದೇ ತಾನೇ?”

ಹಾಕಿಕೊಂಡೆ. ಫ್ಯಾನಿನ ಸದ್ದು ಸತ್ತಿತು. ಪ್ರಶ್ನೆ. ಮೌನ. ಒಂದು, ಎರಡು, ಮೂರು.

ಮತ್ತು ಆ ಮೌನದ ಕೊನೆಯಲ್ಲಿ, ದನಿ ಹೊರಡುವುದಕ್ಕೆ ಒಂದು ಕೂದಲಿನಷ್ಟು ಮೊದಲು, ನಾಲಿಗೆ ಮೇಲಿನ ಹಲ್ಲಿನಿಂದ ಬಿಡಿಸಿಕೊಂಡ ಸಣ್ಣ ಸದ್ದು. ಟಿಕ್.

ಆ ‘ಟಿಕ್’ ನನಗೆ ಗೊತ್ತು.

ಅಕ್ಕನಿಗೆ ಚಿಕ್ಕಂದಿನಿಂದ ಇರುವ ಅಭ್ಯಾಸ ಅದು. ಬೇರೆಯವರ ದನಿ ತೆಗೆಯುವ ಮೊದಲು ಅವಳ ನಾಲಿಗೆ ಹಾಗೆ ಒಂದು ಸಲ ಬಡಿಯುತ್ತದೆ, ದೀಪ ಹಾಕುವ ಮೊದಲು ಸ್ವಿಚ್ಚು ಸದ್ದು ಮಾಡಿದಂತೆ. ಅತ್ತೆಯ ದನಿಯಲ್ಲಿ ಅಂಗಡಿಗೆ ಫೋನ್ ಮಾಡಿ ಚಾಕೊಲೇಟ್ ತರಿಸುತ್ತಿದ್ದವಳು ಅವಳು, ಸಿಕ್ಕಿಬಿದ್ದು ಏಟು ತಿನ್ನುತ್ತಿದ್ದವನು ನಾನು. ಡಬ್ಬಿಂಗ್ ರೂಮಿಗೆ ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ, ಮೂರು ಬೀಪಿನ ಲೆಕ್ಕ ಹೇಳಿಕೊಟ್ಟವಳೂ ಅವಳೇ. ಸ್ಟುಡಿಯೋದ ಇಂಜಿನಿಯರ್ ಆ ‘ಟಿಕ್’ ಕತ್ತರಿಸಿ ಕತ್ತರಿಸಿ ಬೇಸತ್ತು ‘ನಿಮ್ಮಕ್ಕನ ನಾಲಿಗೆಗೆ ಎಣ್ಣೆ ಹಾಕೋ’ ಎನ್ನುತ್ತಿದ್ದ.

ಇಲ್ಲಿ ಕತ್ತರಿಸಲು ಯಾರೂ ಇರಲಿಲ್ಲ.

ಮೊನ್ನೆ ಮೊನ್ನೆ ಅಕ್ಕ ಹೇಳಿದ್ದಳು. ‘ದೊಡ್ಡ ಕೆಲಸ ಸಿಕ್ಕಿದೆ ಕಣೋ. ಬಗೆಬಗೆಯ ಹೆಂಗಸರ ದನಿ ಬೇಕಂತೆ, ಏನೋ ಜಾಹೀರಾತಂತೆ.’ ಆಮೇಲೆ ಮನೆಗೆ ಬಂದಿರಲಿಲ್ಲ. ಫೋನ್ ಎತ್ತುತ್ತಿರಲಿಲ್ಲ. ಹೊರ ಊರಿನ ಶೂಟಿಂಗ್ ಎಂದು ಅತ್ತೆಗೆ ಸುಳ್ಳು ಹೇಳಿದ್ದವನು ನಾನೇ.

ಹೆಡ್‌ಫೋನ್ ತೆಗೆದೆ. ಫ್ಯಾನಿನ ಸದ್ದು ವಾಪಸ್ ಬಂತು.

“ಗೊತ್ತಾಯ್ತಾ?” ಮೇಡಂ ಕೇಳಿದರು.

ಬಾಯಿ ಬಿಟ್ಟರೆ ಅಕ್ಕ ಪೊಲೀಸ್ ಠಾಣೆಗೆ. ಬಿಡದಿದ್ದರೆ ನಾನು.

“ಕೇಳಿಸ್ತಿದೆಯಾ ತಮ್ಮಾ?” ಇಸ್ತ್ರಿ ಮುಂದೆ ಬಾಗಿದರು. ಅವರ ಕಣ್ಣು ನೋಡಿದೆ. ಆ ಕಣ್ಣಿನಲ್ಲಿ ಕುತೂಹಲವೇ ಇರಲಿಲ್ಲ. ದನಿ ಯಾರದೆಂದು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ನಾನು ಬಾಯಿ ಬಿಡುವುದಿಲ್ಲ ಎಂಬುದೂ ಗೊತ್ತಿತ್ತು.

ಅಷ್ಟರಲ್ಲಿ ಅತ್ತೆ ನನ್ನ ಕೈಯಿಂದ ಹೆಡ್‌ಫೋನ್ ಕಿತ್ತುಕೊಂಡಳು.

“ಏನು, ನಾನು ಕೇಳ್ಬಾರ್ದಾ?”

ಉಲ್ಟಾ ಹಾಕಿಕೊಂಡಳು. ನಾನು ಸರಿಮಾಡಿದೆ. ಮೇಡಂ ಗುಂಡಿ ಒತ್ತಿದರು. ಅತ್ತೆ ಕಣ್ಣು ಮುಚ್ಚಿ ಕೇಳಿದಳು. ಬಟ್ಟೆಯನ್ನು ಬೆಳಕಿಗೆ ಹಿಡಿದು ಎಳೆ ನೋಡುವಾಗ ಅವಳ ಮುಖ ಹೇಗಿರುತ್ತದೋ ಹಾಗಿತ್ತು.

ಸಣ್ಣಗೆ ಅವಳ ಹುಬ್ಬು ಅಲುಗಿತು.

ನಾನು ಎರಡು ಮಕ್ಕಳಲ್ಲಿ ಒಬ್ಬ. ಆ ‘ಟಿಕ್’ ನನಗೆ ಗೊತ್ತಿದ್ದರೆ, ಇಬ್ಬರನ್ನೂ ಪಕ್ಕದಲ್ಲಿ ಮಲಗಿಸಿಕೊಂಡು ಬೆಳೆಸಿದವಳಿಗೆ ಗೊತ್ತಿರದೆ ಇರುತ್ತದೆಯೇ?

ಅತ್ತೆ ಹೆಡ್‌ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ನನ್ನ ಕಡೆ ನೋಡಲಿಲ್ಲ.

“ಅಮ್ಮಾ,” ಎಂದರು ಮೇಡಂ, “ಇದು ನಿಮ್ಮ ದನಿನಾ?”

“ಹೌದು,” ಎಂದಳು ಅತ್ತೆ.

ನಾನು ಅವಳ ಕಡೆ ತಿರುಗಿದೆ.

“ಹೌದು. ನನ್ನದೇ ದನಿ. ನಾನೇ ಒಪ್ಪಿದ್ದೆ. ಮರ್ತುಹೋಗಿತ್ತು.”

“ಅತ್ತೆ, ಏನ್ ಹೇಳ್ತಿದೀಯ ನೀನು?”

“ನೀನು ಸುಮ್ನಿರೋ.”

ಅವಳ ಎರಡೂ ಕೈ ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು. ಅಂಗಡಿ, ಅಟ್ಟ, ಬಳೆ, ಸರ, ಎಲ್ಲವನ್ನೂ ಅವಳು ಮೂರು ಪುಟ್ಟ ವಾಕ್ಯಗಳಲ್ಲಿ ಕತ್ತರಿಸಿ ಕೆಳಗೆ ಹಾಕಿದ್ದಳು.

“ಅಲ್ಲಿಗೆ ಮುಗೀತಲ್ಲ ಮೇಡಂ,” ಇಸ್ತ್ರಿ ಆಗಲೇ ಚೀಲ ಮುಚ್ಚುತ್ತಿದ್ದರು. “ಗ್ರಾಹಕರೇ ಒಪ್ಕೊಂಡ್ರು. ಪ್ರಕರಣ ಮೂರನೇ ಮಹಡಿಗೆ ಕಳಿಸಿಕೊಡಿ. ಮಧ್ಯಸ್ಥರು ಮಧ್ಯಾಹ್ನ ಊಟ ಆದ್ಮೇಲೆ ಬಿಡುವಾಗಿದಾರೆ.”

ಮೇಡಂ ಪೆನ್ಸಿಲ್ ಎತ್ತಿದರು. ಬರೆಯಲು ಬಾಗಿದರು. ನಿಲ್ಲಿಸಿದರು.

“ಅಮ್ಮಾ. ಬೆಳಿಗ್ಗೆಯಿಂದ ನಿಮಗೆ ಏನೇನೋ ಕೇಳಿದೀನಿ. ಹೆಸರು ಕೇಳಿದ್ರೆ ‘ಯಾಕೆ, ಅದರಲ್ಲಿ ಬರ್ದಿಲ್ವಾ’ ಅಂದ್ರಿ. ಕುಡಿಯೋಕೆ ನೀರು ಬೇಕಾ ಅಂದ್ರೆ ‘ಬೇಡ ಅಂದ್ರೆ ಬಿಡ್ತೀರಾ’ ಅಂದ್ರಿ. ಒಂದಕ್ಕೂ ನೇರವಾಗಿ ಉತ್ತರ ಕೊಡದೋರು ಈಗ ಈ ಒಂದಕ್ಕೆ ಮಾತ್ರ ಯಾಕೆ ‘ಹೌದು’ ಅಂದ್ರಿ?”

ಅತ್ತೆಯ ಹತ್ತಿರ ಉತ್ತರವಿರಲಿಲ್ಲ. ಪ್ರಶ್ನೆಯೂ ಇರಲಿಲ್ಲ. ನಾನು ಕಂಡಂತೆ ಮೊದಲ ಬಾರಿಗೆ ಅವಳ ಬಾಯಿ ಖಾಲಿಯಾಗಿತ್ತು. ಆ ಮುಖವನ್ನೇ ನೋಡುತ್ತ ಕೂತೆ. ಏನಾದರೂ ಹೇಳು ಅತ್ತೆ. ಯಾವುದಾದರೂ ಒಂದು ಪ್ರಶ್ನೆ ಕೇಳು.

ಫ್ಯಾನ್ ತಿರುಗುತ್ತಿತ್ತು. ಕಿರ್ರ್. ಕಿರ್ರ್. ಕಿರ್ರ್.

“ಯಾಕೆ ಮೇಡಂ? ಇಷ್ಟು ವಯಸ್ಸಾದ್ಮೇಲೆ ಒಂದ್ಸಲ ನೇರವಾಗಿ ಮಾತಾಡಿದ್ರೂ ತಪ್ಪಾ?”

ಅದೇ ದನಿ, ಅದೇ ಕೊಂಕು. ನನಗೆ ನಗು ಬಂತು. ಅತ್ತೆ ಅಂದರೆ ಅತ್ತೆ ಎಂದುಕೊಂಡೆ.

ಆದರೆ ನಾನು ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಅವಳ ತುಟಿ ಅಲುಗಿರಲಿಲ್ಲ.

ದನಿ ಬಂದದ್ದು ನಮ್ಮ ಬೆನ್ನ ಹಿಂದಿನ ಬಾಗಿಲಿನಿಂದ. ಅದಕ್ಕೆ ಒಂದು ಕೂದಲಿನಷ್ಟು ಮೊದಲು ಒಂದು ‘ಟಿಕ್’ ಕೂಡ ಬಂದಿತ್ತು. ಮೇಜಿನಾಚೆ ಇಸ್ತ್ರಿ ಆ ಬಾಗಿಲನ್ನು ನೋಡಿ, ಕೋಟಿನ ಮೇಲೆ ಗಮನವೇ ಇಲ್ಲದೆ, ಕುರ್ಚಿ ಬೀಳುವಂತೆ ಎದ್ದು ನಿಂತು ಕೂಗಿದರು.

“ನೀನು ಇಲ್ಲಿಗೆ ಬರಬಾರದು ಅಂತ ಹೇಳಿರ್ಲಿಲ್ವಾ?”